ಕೌಂಟ್ ಡಿ ಮ್ಯೂರಾನ್ ಮತ್ತು ಅವನ ಬಾಡಿಗೆ ಪಡೆ

ಅಗಳಿ ಕಡೆಯ ಶಾಲೆಗಳಿಂದ ಪ್ರವಾಸ ಹೊರಟರೆ ಮೈಸೂರು, ಶ್ರೀರಂಗಪಟ್ಟಣ ತಪ್ಪದು. ದರಿಯಾ ದೌಲತ್, ಗುಂಬಜ್, ಟಿಪ್ಪು ಬಿದ್ದ ಜಾಗ, ಇಷ್ಟು ನೋಡಿ ಬಸ್ಸು ಹತ್ತುತ್ತೇವೆ. ಅಲ್ಲೇ ಕಾವೇರಿಯ ದಂಡೆಯಲ್ಲಿ ಗ್ಯಾರಿಸನ್ ಸ್ಮಶಾನ ಎಂಬುದೊಂದಿದೆ. ಅಲ್ಲಿ ಇಂಗ್ಲಿಷರಲ್ಲದ ಸಿಪಾಯಿಗಳೂ ಮಲಗಿದ್ದಾರೆ. ಅವರು ಡಿ ಮ್ಯೂರಾನ್ ಪಡೆಯವರು. ಮಕ್ಕಳು "ಇವರ‍್ಯಾಕೆ ಸಾರ್ ಇಲ್ಲಿಗೆ ಬಂದ್ರು?" ಎಂದು ಕೇಳಿದರೆ ಒಂದು ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ.

ಶಾರ್ಲ್ ದಾನಿಯೆಲ್ ಡಿ ಮ್ಯೂರಾನ್ ಹುಟ್ಟಿದ್ದು 1738ರಲ್ಲಿ, ನೂಶಾಟೆಲ್ ಸೀಮೆಯಲ್ಲಿ. ಅದು ಇಂದು ಸ್ವಿಟ್ಜರ್ಲೆಂಡಿನಲ್ಲಿದೆ. ಮನೆಮಾತು ಫ್ರೆಂಚ್, ಅರಸ ಮಾತ್ರ ಜರ್ಮನ್ ನಾಡಾದ ಪ್ರಶ್ಯದ ದೊರೆ! ಮಾತು ಒಂದು, ಆಳ್ವಿಕೆ ಇನ್ನೊಂದು ಎಂಬುದು ಗಡಿಯಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಬೆಟ್ಟದ ಸೀಮೆಗಳ ಯುವಕರಿಗೆ ಪರದೇಶದ ಸೈನ್ಯದಲ್ಲಿ ದುಡಿಯುವುದೇ ಒಂದು ಕಸುಬು. ಮ್ಯೂರಾನನೂ ಮೊದಲು ಫ್ರಾನ್ಸಿನ ಸೈನ್ಯದಲ್ಲಿದ್ದ.

1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರು ಮಾಡಿಕೊಂಡು ತನ್ನ ಹೆಸರಿನಲ್ಲೇ ಒಂದು ರೆಜಿಮೆಂಟ್ ಕಟ್ಟಿದ. ಸಾವಿರಕ್ಕೂ ಹೆಚ್ಚು ಜನ. ಸ್ವಿಸ್ಸರು, ಜರ್ಮನರು, ಫ್ರೆಂಚರು ಎಲ್ಲ ಕಲಸಿದ ಪಡೆ. ಆಗ ಡಚ್ಚರಿಗೂ ಇಂಗ್ಲಿಷರಿಗೂ ಯುದ್ಧ. ಇತ್ತ ಹೈದರಾಲಿಯೂ ಇಂಗ್ಲಿಷರ ಮೇಲೆ ಕಾದಾಡುತ್ತಿದ್ದ. ಅಂದರೆ ಹುಟ್ಟಿದಾಗ ಈ ಪಡೆ ಮೈಸೂರಿನ ಶತ್ರುವಿನ ಶತ್ರು. ಆಫ್ರಿಕದ ಕೇಪ್‌ನಲ್ಲಿ ಕೆಲವು ವರ್ಷ ಇದ್ದು, ಬಳಿಕ ಡಚ್ಚರ ಸಿಲೋನಿಗೆ ಬಂತು.

ಮುಂದಿನದು ವಿಚಿತ್ರ. 1795ರಲ್ಲಿ ಹಾಲೆಂಡ್ ಫ್ರೆಂಚರ ಕೈಸೇರಿತು. ಇಂಗ್ಲಿಷರಿಗೆ ಸಿಲೋನ್ ಬೇಕು. ಅದಕ್ಕೆ ಅವರು ನೂಶಾಟೆಲ್‌ಗೆ ಕಳಿಸಿದ್ದು ಯಾರನ್ನು ಗೊತ್ತೇ? ಹ್ಯೂ ಕ್ಲೆಗಾರ್ನ್ ಎಂಬ ಇತಿಹಾಸದ ಪ್ರೊಫೆಸರನ್ನು! (ನಮ್ಮಂಥ ಇತಿಹಾಸದ ಮೇಷ್ಟರಿಗೆ ಅಂಥ ಕೆಲಸ ಯಾರೂ ಕೊಡುವುದಿಲ್ಲ.) ಆಗ ಊರಿನಲ್ಲಿದ್ದ ಕೌಂಟನು ಇಡೀ ಪಡೆಯನ್ನು ಇಂಗ್ಲಿಷರ ಸೇವೆಗೆ ಬರೆದುಕೊಟ್ಟ. ಅವನಿಗೆ ಮೇಜರ್ ಜನರಲ್ ಪದವಿ ಸಿಕ್ಕಿತು. ಸಿಲೋನಿನಲ್ಲಿ ಬಂದೂಕು ಹಿಡಿದು ನಿಂತಿದ್ದ ಸಿಪಾಯಿಯನ್ನು ಯಾರೂ ಕೇಳಲಿಲ್ಲ. ಕೊಲಂಬೋದಲ್ಲಿ ಪಡೆಯನ್ನು ನೋಡಿಕೊಳ್ಳುತ್ತಿದ್ದ ತಮ್ಮ ಪಿಯರ್ ಫ್ರೆಡರಿಕ್‌ಗೆ ಸುದ್ದಿಯ ಕಾಗದವನ್ನು ಚೀಸ್ ಉಂಡೆಯೊಳಗೆ ಅಡಗಿಸಿ ಕಳಿಸಿದರು ಎಂದೊಂದು ಕಥೆಯಿದೆ. ಮಕ್ಕಳಿಗೆ ಇದೊಂದು ಮಾತ್ರ ಮರೆಯುವುದೇ ಇಲ್ಲ. ಪಡೆ ಪಕ್ಷ ಬದಲಿಸಿತು, 1796ರ ಫೆಬ್ರವರಿಯಲ್ಲಿ ಕೊಲಂಬೋ ಇಂಗ್ಲಿಷರದಾಯಿತು.

ಹೀಗೆ ಕೈ ಬದಲಾದ ಪಡೆಯೇ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂತು. ಮೇ 4ರಂದು ಕಾವೇರಿ ದಾಟಿ ಕೋಟೆಗೆ ನುಗ್ಗಿದವರಲ್ಲಿ ಅದರ ತುಕಡಿಗಳೂ ಇದ್ದವು. ಒಳಗೆ ಟಿಪ್ಪುವಿನ ಕಡೆ ಫ್ರೆಂಚರೂ ಇದ್ದರು. ದೂರದ ಯೂರೋಪಿನವರು ನಮ್ಮ ನದಿಯ ನಡುಗಡ್ಡೆಯಲ್ಲಿ ಎದುರುಬದುರಾಗಿದ್ದರು. ಕೌಂಟ್ ಸಾಹೇಬರು ಅಷ್ಟರಲ್ಲಿ ಯೂರೋಪಿಗೆ ಮರಳಿದ್ದರು.

ಆ ದಿನ ಸಂಜೆಗೆ ಮುಗಿದದ್ದು ಟಿಪ್ಪುವಿನ ಆಳ್ವಿಕೆ ಮಾತ್ರವಲ್ಲ. ಗೆದ್ದವರು ರಾಜ್ಯ ಹಂಚಿಕೊಂಡಾಗ ನಮ್ಮ ಮಡಕಶಿರಾ ಸೀಮೆ ನಿಜಾಮನ ಪಾಲಾಯಿತು. ಮರುವರ್ಷ, 1800ರಲ್ಲಿ, ಕಂಪನಿ ಸೈನ್ಯದ ಖರ್ಚಿಗೆಂದು ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎನ್ನುವುದು ಅದನ್ನೇ. ಮನ್ರೋ ಸಾಹೇಬ ಕಲೆಕ್ಟರಾದ. ಪಕ್ಕದ ಶಿರಾ ಮೈಸೂರಿನಲ್ಲೇ ಉಳಿಯಿತು, ನಾವು ಮದ್ರಾಸಿಗೆ ಸೇರಿದೆವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಆಂಧ್ರಕ್ಕೆ ಬಂದೆವು. 2022ರಿಂದ ಅಗಳಿ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನಮ್ಮ ಮಕ್ಕಳು ಕನ್ನಡ ಪುಸ್ತಕ ಹಿಡಿದು ತೆಲುಗು ಆಫೀಸಿಗೆ ಅರ್ಜಿ ಬರೆಯುವ ಕಥೆ ಇಲ್ಲಿಂದ ಶುರುವಾಗುತ್ತದೆ.

ಕೌಂಟ್ 1806ರಲ್ಲಿ ತನ್ನ ಸೀಮೆಯಲ್ಲೇ ತೀರಿಕೊಂಡ. ಅವನು ನಗರಕ್ಕೆ ಕೊಟ್ಟ ವಸ್ತುಸಂಗ್ರಹದಿಂದ ನೂಶಾಟೆಲ್‌ನ ಮ್ಯೂಸಿಯಂ ಬೆಳೆಯಿತು. ಪಡೆ 1806ರವರೆಗೂ ಶ್ರೀರಂಗಪಟ್ಟಣದ ಕಾವಲಿಗಿತ್ತು, ಆಮೇಲೆ ಕೆನಡಾದವರೆಗೂ ಹೋಗಿ 1816ರಲ್ಲಿ ವಿಸರ್ಜನೆಯಾಯಿತು. ಹಾಳುಬಿದ್ದಿದ್ದ ಸ್ಮಶಾನವನ್ನು ಮ್ಯೂರಾನ್ ವಂಶದವರೇ ಸ್ವಿಟ್ಜರ್ಲೆಂಡಿನಿಂದ ಬಂದು ದುರಸ್ತಿ ಮಾಡಿಸಿದರು. ಅಲ್ಲಿ ಹೆಂಗಸರ, ಮಕ್ಕಳ ಗೋರಿಗಳೂ ಇವೆ. ಮುಂದಿನ ಪ್ರವಾಸದಲ್ಲಿ ಮೇಷ್ಟರುಗಳು ಅರ್ಧ ಗಂಟೆ ಅಲ್ಲಿಗೂ ಇಟ್ಟುಕೊಳ್ಳಿ.