ಇಂಗ್ಲಿಷ್ ಪ್ರಶ್ನೆಯಲ್ಲಿ ‘ಯಾರಾದರೂ’: ಒಂದು ವಚನವಿಚಾರ

ಇಂಗ್ಲಿಷಿನ ‘ಎನಿ’, ‘ನನ್’ ಎಂಬ ಅನಿರ್ದಿಷ್ಟ ಸರ್ವನಾಮಗಳು, ಅಂದರೆ ಇಂಥವರೇ ಎಂದು ಗೊತ್ತುಪಡಿಸದೆ ಸೂಚಿಸುವ ಪದಗಳು, ಒಂದು ಎಂಬರ್ಥದ ಹಳೆಯ ಇಂಗ್ಲಿಷಿನ ‘ಆನ್’ ಪದದ ಬೇರಿನವು. ನಿಷೇಧದ ‘ನೆ’ ಅದಕ್ಕೆ ಸೇರಿ ‘ನನ್’ ಆಯಿತು. ಹುಟ್ಟಿನಲ್ಲಿ ಒಂದೆಂಬ ಅರ್ಥವಿದ್ದರೂ ಬಳಕೆ ಅದಕ್ಕೆ ಕಟ್ಟುಬೀಳಲಿಲ್ಲ. ‘ನನ್’ ಪದಕ್ಕೆ ಹಳೆಯ ಇಂಗ್ಲಿಷಿನ ಕಾಲದಿಂದಲೂ ಎರಡೂ ವಚನದ ಕ್ರಿಯಾಪದಗಳು ಸಂದಿವೆ.

ಕ್ರಿಯಾಪದದ ಬಹುವಚನ ಪ್ರತ್ಯಯಗಳು ಕ್ರಮೇಣ ಸವೆದುಹೋಗಿ, ‘ಇರು’ ಎಂಬರ್ಥದ ಕ್ರಿಯಾಪದವನ್ನು ಬಿಟ್ಟರೆ, ವಚನದ ಗುರುತು ವರ್ತಮಾನಕಾಲದ ಪ್ರಥಮ ಪುರುಷ ಏಕವಚನದ ‘ಸ್’ಕಾರದಲ್ಲಷ್ಟೇ ಉಳಿಯಿತು. 16, 17ನೆಯ ಶತಮಾನಗಳಲ್ಲಿ ಪ್ರಶ್ನೆಯ ಮೊದಲಿಗೆ ‘ಡು’ ಎಂಬ ಸಹಾಯಕ ಕ್ರಿಯಾಪದವನ್ನಿಡುವ ರೂಢಿ ಹಬ್ಬಿದಾಗ ಆ ಗುರುತೂ ಅದರ ಮೇಲೇರಿತು. “ಡಸ್ ಎನಿ ಆಫ್ ಯೂ ನೋ?” ಎನ್ನಬೇಕೋ, “ಡು ಎನಿ ಆಫ್ ಯೂ ನೋ?” ಎನ್ನಬೇಕೋ ಎಂಬುದನ್ನು ಕರ್ತೃಪದ ಬಾಯಿಗೆ ಬರುವ ಮೊದಲೇ ತೀರ್ಮಾನಿಸಬೇಕು.

ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿದ ಲಿಂಡ್ಲಿ ಮರೆ, ಹುಡುಗಿಯರ ಶಾಲೆಯೊಂದಕ್ಕಾಗಿ ಬರೆದು 1795ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ, ‘ಈಚ್’, ‘ಎವ್ರಿ’, ‘ಈದರ್’ ಪದಗಳಿಗೆ ಏಕವಚನವೊಂದೇ ಸಲ್ಲುವುದೆಂದು ವಿಧಿಸಿದನು. 1797ರ ಅಭ್ಯಾಸಪುಸ್ತಕದಲ್ಲಿ ಮಕ್ಕಳು ತಿದ್ದಲೆಂದೇ ತಪ್ಪು ವಾಕ್ಯಗಳನ್ನು ಜೋಡಿಸಿಕೊಟ್ಟನು. ಮರೆ ಮೂಲತಃ ವಕೀಲ. ಅವನ ಕೈಯಲ್ಲಿ ರೂಢಿ ಕಾಯಿದೆಯಾದದ್ದು ಸಹಜವೇ.

ಆದರೆ ಮಾತು ಕಾಯಿದೆಗೆ ಪೂರ್ತಿ ಮಣಿಯಲಿಲ್ಲ. “ಎವ್ರಿವನ್ ನೋಸ್ ಇಟ್, ಡೋಂಟ್ ದೇ?” ಎಂಬ ಶಿಷ್ಟ ವಾಕ್ಯದ ಮೊದಲರ್ಧದಲ್ಲಿ ಕ್ರಿಯಾಪದ ಏಕವಚನ, ಬಾಲದಂತೆ ಅಂಟಿದ ಪ್ರಶ್ನೆಯಲ್ಲಿ ಬಹುವಚನ, ರೂಪ ಒಂದೆನ್ನುತ್ತದೆ, ಅರ್ಥ ಹಲವರನ್ನು ಕಾಣುತ್ತದೆ.

ಕನ್ನಡದ ದಾರಿ ಬೇರೆ. ಬಾಗಿಲು ಬಡಿದವನು ಒಬ್ಬನೇ ಆದರೂ ಒಳಗಿನವರು ಕೇಳುವುದು “ಯಾರು ಬಂದರು?” ಎಂದೇ, ಹಾಗಾಗಿ ಕನ್ನಡದ ವಿದ್ಯಾರ್ಥಿಯ ನಾಲಿಗೆಯಲ್ಲಿ “ಹ್ಯಾವ್ ಎನಿವನ್ ಕಮ್?” ಎಂಬ ರೂಪ ಮೂಡಿದರೆ ಅದು ಇಂಗ್ಲಿಷಿನಲ್ಲಿ ತಪ್ಪಾದರೂ ಅಕಾರಣವಲ್ಲ. ಇನ್ನು “ಯಾರೂ ಬರಲಿಲ್ಲ” ಎನ್ನುವಾಗ, ‘ಬರಲಿಲ್ಲ’ ಎಂಬ ನಿಷೇಧರೂಪ ಎಲ್ಲ ಲಿಂಗವಚನಗಳಿಗೂ ಒಂದೇ ಆದ್ದರಿಂದ, ವಚನದ ತಕರಾರೇ ಏಳುವುದಿಲ್ಲ.