ಹೂಗ್ಲಿ ನದಿಯಲ್ಲೊಂದು ದೀಕ್ಷಾಸ್ನಾನ

ಕಿಟ್ಟೆಲ್ ಹೆಸರು ಕೇಳದ ಕನ್ನಡಿಗರು ಕಡಿಮೆ. ವಿಲಿಯಂ ಕೇರಿ ಎಂದರೆ ಮಾತ್ರ, "ಆತ ಬಂಗಾಳದವರಿಗೆ ಸೇರಿದವನಲ್ಲವೇ?" ಅನ್ನುತ್ತೇವೆ. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ 77 ವರ್ಷ ಮೊದಲು, 1817ರಲ್ಲಿ, ಕೇರಿಯ ಕನ್ನಡ ವ್ಯಾಕರಣ ಕೋಲ್ಕತ್ತದ ಹತ್ತಿರದ ಸೆರಾಂಪುರದಲ್ಲಿ ಅಚ್ಚಾಗಿತ್ತು. ಇವತ್ತು ಹೇಳಹೊರಟಿರುವುದು ಅದೇ ಊರಿನ ನದಿ ದಡದಲ್ಲಿ 1800ರ ಡಿಸೆಂಬರ್ 28, ಭಾನುವಾರ ನಡೆದ ಸಂಗತಿ.

ಕೇರಿ ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಿದ್ದವನು, ಬ್ಯಾಪ್ಟಿಸ್ಟ್ ಪಂಥದವನು. ಈ ಪಂಥದಲ್ಲಿ ಎಳೆ ಮಗುವಿನ ತಲೆಗೆ ನೀರು ಚಿಮುಕಿಸಿದರೆ ದೀಕ್ಷೆಯಾಗುವುದಿಲ್ಲ. ಬುದ್ಧಿ ತಿಳಿದವರು ತಾವಾಗಿ ಒಪ್ಪಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಹಾಗಾಗಿ ಕೆರೆಯೋ ಹೊಳೆಯೋ ಬೇಕು.

1793ರ ನವೆಂಬರಿನಲ್ಲಿ ಬಂಗಾಳಕ್ಕೆ ಬಂದ ಕೇರಿಗೆ ಏಳು ವರ್ಷದಲ್ಲಿ ಒಬ್ಬನೇ ಒಬ್ಬ ಬಂಗಾಳಿ ದೀಕ್ಷೆಗೆ ಸಿಕ್ಕಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ, ವ್ಯಾಪಾರಕ್ಕೆ ತೊಂದರೆ ಎಂಬ ಭಯ. ಸೆರಾಂಪುರ ಡೆನ್ಮಾರ್ಕಿನವರ ಕೈಯಲ್ಲಿದ್ದುದರಿಂದ 1800ರ ಜನವರಿಯಲ್ಲಿ ಕೇರಿ, ಮಾರ್ಷ್‌ಮನ್ ಮತ್ತು ವಾರ್ಡ್ ಜೊತೆ ಅಲ್ಲಿ ನೆಲೆನಿಂತ.

ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಪಾಲ್ ಎಂಬ ಬಡಗಿಯ ತೋಳು ಜಾರಿತು. ಅದನ್ನು ಕೂಡಿಸಿದವನು ಕೇರಿಯ ಜೊತೆಗೆ ಬಂದಿದ್ದ ಡಾಕ್ಟರ್ ಜಾನ್ ಥಾಮಸ್. ಕೃಷ್ಣಪಾಲ್ ಮಿಷನ್ನಿಗೆ ಹತ್ತಿರವಾದ. ಡಿಸೆಂಬರ್ 22ರಂದು ಅವನೂ ಗೆಳೆಯ ಗೋಕುಲನೂ ಬಿಳಿಯರ ಜೊತೆ ಕೂತು ಊಟ ಮಾಡಿದರು. ಜಾತಿ ಹೋಯಿತು! ಊರಿನ ಗುಂಪೊಂದು ಅವರನ್ನು ಎಳೆದುಕೊಂಡು ಹೋಗಿ ಡೇನಿಷ್ ಅಧಿಕಾರಿಯ ಮುಂದೆ ನಿಲ್ಲಿಸಿತು. ಅಧಿಕಾರಿ ಅವರನ್ನು ಬಿಟ್ಟು ಕಳಿಸಿದ. ಗೋಕುಲ ದೀಕ್ಷೆಯನ್ನು ಮುಂದೆ ಹಾಕಿದ, ಕೃಷ್ಣಪಾಲ್ ಹಿಂಜರಿಯಲಿಲ್ಲ.

ಆ ಭಾನುವಾರ ಮಿಷನ್ ಮನೆಯೆದುರಿನ ಘಾಟಿನಲ್ಲಿ ಡೇನಿಷ್ ಗವರ್ನರ್, ಯುರೋಪಿಯನ್ನರು, ಹಿಂದೂಗಳು, ಮುಸಲ್ಮಾನರು ಎಲ್ಲ ಸೇರಿದ್ದರು. ನೋಡುವವರಿಗೆ ಅದು ಗಂಗೆ. ಆದ್ದರಿಂದಲೇ ಕೇರಿ, ಈ ನೀರಿಗೆ ತಾವು ಯಾವ ಪಾವಿತ್ರ್ಯವನ್ನೂ ಕೊಡುವುದಿಲ್ಲ ಎಂದು ಬಂಗಾಳಿಯಲ್ಲೇ ಬಿಡಿಸಿ ಹೇಳಿದ. ಮೊದಲು ತನ್ನ 15 ವರ್ಷದ ಮಗ ಫೆಲಿಕ್ಸನನ್ನು ಮುಳುಗಿಸಿದ, ಆಮೇಲೆ ಕೃಷ್ಣಪಾಲನನ್ನು. ಗವರ್ನರನ ಕಣ್ಣು ತುಂಬಿ ಬಂತಂತೆ.

ಮಿಷನ್ನಿನ ಚರಿತ್ರೆಯಲ್ಲಿ ಇದು ಗೆದ್ದ ದಿನ. ಆದರೆ ಹೊಳೆಗೆ ಹೋಗುವ ದಾರಿಯ ಎರಡೂ ಬದಿಯ ಕೋಣೆಗಳಿಂದ ಆ ಹೊತ್ತಿನಲ್ಲಿ ಚೀರಾಟ ಕೇಳುತ್ತಿತ್ತು. ಒಂದರಲ್ಲಿ ತೋಳು ಕೂಡಿಸಿದ ಥಾಮಸ್. ಇಷ್ಟು ವರ್ಷ ಕಾದದ್ದು ಕೈಗೂಡಿತೆಂಬ ಸಂತೋಷವನ್ನು ತಾಳಲಾರದೆ ಅವನ ಬುದ್ಧಿ ಕೆಟ್ಟಿತ್ತು. ಇನ್ನೊಂದರಲ್ಲಿ ಕೇರಿಯ ಹೆಂಡತಿ, ಫೆಲಿಕ್ಸನ ತಾಯಿ, ಡೊರೊಥಿ.

ಇಂಡಿಯಾಕ್ಕೆ ಬರಲೊಲ್ಲೆ ಎಂದಿದ್ದವಳು ಆಕೆ. ಕೊನೆ ಗಳಿಗೆಯಲ್ಲಿ ಒಪ್ಪಿ, ಕೈಗೂಸನ್ನೂ ಎತ್ತಿಕೊಂಡು ಹಡಗು ಹತ್ತಿದಳು. 1794ರಲ್ಲಿ ಐದು ವರ್ಷದ ಮಗ ಪೀಟರ್ ಇಲ್ಲಿ ತೀರಿಕೊಂಡ. ಆಮೇಲೆ ಆಕೆಯ ಮನಸ್ಸು ನೆಟ್ಟಗಾಗಲೇ ಇಲ್ಲ. 1807ರಲ್ಲಿ ಸೆರಾಂಪುರದಲ್ಲೇ ಸತ್ತಳು. ಮಗನ ದೀಕ್ಷೆ ನಡೆದದ್ದು ಆಕೆಯ ಕೋಣೆಯಿಂದ ಕೂಗಳತೆಯ ದೂರದಲ್ಲಿ.

ಇದನ್ನು ಬರೆದಿಟ್ಟವರು ಮಿಷನ್ನಿನ ವೈರಿಗಳಲ್ಲ. ಮಾರ್ಷ್‌ಮನ್ನನ ಮಗ ಜಾನ್ ಕ್ಲಾರ್ಕ್ 1859ರ ತನ್ನ ಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ. ಆ ದಿನ ಅವನು ಆರು ವರ್ಷದ ಹುಡುಗ. ಜಮೆ ಮಾತ್ರ ಬರೆದು ಖರ್ಚು ಬಿಟ್ಟ ಲೆಕ್ಕವನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಆ ಪುಸ್ತಕದಲ್ಲಿ ಖರ್ಚಿನ ಬಾಬತ್ತೂ ಇದೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ವರ್ಗಾವಣೆ ಆರ್ಡರುಗಳನ್ನು ನೋಡಿದವನು ನಾನು. ಹೊಸ ಊರಿನಲ್ಲಿ ಗಂಡನಿಗೆ ಕುರ್ಚಿ, ಕೆಲಸ, ಜೊತೆಯವರು ಮೊದಲ ದಿನವೇ ಸಿಗುತ್ತಾರೆ. ಭಾಷೆ ಬಾರದ ಹೆಂಡತಿಗೆ ಸಿಗುವುದು ಬಾಡಿಗೆ ಮನೆಯ ಕಿಟಕಿ. ಕೇರಿಗೆ ಬಂಗಾಳಿ ಬಂತು, ಕನ್ನಡಕ್ಕೂ ಒಂದು ವ್ಯಾಕರಣ ಬಂತು, ನಾವು ಋಣಿಗಳೇ. ಡೊರೊಥಿಯ ಹೆಸರನ್ನೂ ಪಕ್ಕದಲ್ಲಿ ಬರೆದುಕೊಂಡರೆ ಆ ಋಣದ ಲೆಕ್ಕ ಸರಿಹೋಗುತ್ತದೆ ಅನ್ನಿಸುತ್ತದೆ. ಊರು ಬಿಟ್ಟು ಬಂದ ನೀವೇನಂತೀರಿ?