ಉದ್ಯಾನದ ಥ್ಯಾಲಿಕ್ಟ್ರಮ್‌ಗಳು: ಒಂದು ಸಮೀಕ್ಷೆ

ಥ್ಯಾಲಿಕ್ಟ್ರಮ್ ಎಂಬ ಸಸ್ಯಜಾತಿಯ ವಿಷಯವಾಗಿ ಯೂರೋಪಿನ ತೋಟಗಾರಿಕೆಯ ಪತ್ರಿಕೆಗಳೂ ನರ್ಸರಿಗಳ ಪಟ್ಟಿಗಳೂ ಈಚಿನ ಹತ್ತಿಪ್ಪತ್ತು ವರ್ಷಗಳಿಂದ ಒಂದೇ ರಾಗವನ್ನು ಹಾಡುತ್ತಿವೆ: ಇದು ಗುಲಾಬಿಗೂ ಡೇಲಿಯಕ್ಕೂ ನಡುವಣ ತೆರಪನ್ನು ತುಂಬುವ ಗಿಡ, ತನ್ನ ಹಿಂದಿರುವುದನ್ನು ಮರೆಮಾಡದ ತೆಳು ತೆರೆ, ಕೊಂಚ ದೂರದಿಂದ ನೋಡಿ ಮುಂದೆ ಸಾಗಬೇಕಾದ ನೇರಳೆಯ ಮಸುಕು. ಸ್ಕಾಟ್ಲೆಂಡಿನ ತಂಪು ನೆಲದಲ್ಲಿ ಈ ಗಿಡಗಳ ನಡುವೆಯೇ ಬಾಳಿನ ಬಹುಭಾಗವನ್ನು ಕಳೆದ ನನಗೆ ಈ ಮಾತು ಅಪೂರ್ಣವೆಂದು ಮಾತ್ರವಲ್ಲ, ಹಾನಿಕರವೆಂದೂ ತೋರುತ್ತದೆ. ಏಕೆಂದರೆ ಗಿಡವನ್ನು ಹೇಗೆ ನೋಡುತ್ತೇವೆಯೋ ಹಾಗೆಯೇ ಅದನ್ನು ಆರಿಸುತ್ತೇವೆ, ಹೇಗೆ ಆರಿಸುತ್ತೇವೆಯೋ ಹಾಗೆಯೇ ಅದು ಉಳಿಯುತ್ತದೆ ಅಥವಾ ಅಳಿಯುತ್ತದೆ. ಉತ್ತರಧ್ರುವದ ಅಂಚಿನಿಂದ ಹಿಡಿದು ಸ್ಕಾಟ್ಲೆಂಡಿನ ಬೆಟ್ಟಗಳಲ್ಲೂ ಹಿಮಾಲಯದಲ್ಲೂ ಬೆಳೆಯುವ ಗೇಣುದ್ದದ ಆಲ್ಪೈನಮ್ ಒಂದು ಕೊನೆಯಲ್ಲಿ, ಆಳೆತ್ತರವನ್ನು ಮೀರಿ ನಿಲ್ಲುವ ಜಪಾನಿನ ರೋಷ್‌ಬ್ರೂನಿಯಾನಮ್ ಮತ್ತೊಂದು ಕೊನೆಯಲ್ಲಿ ಇರುವ, ಇನ್ನೂರರ ಸಮೀಪಕ್ಕೆ ಎಣಿಸಲಾಗುವ ಪ್ರಭೇದಗಳ ಈ ಬಳಗವನ್ನು ‘ತೆರಪು ತುಂಬುವ ಗಿಡ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸಾಧ್ಯವಿಲ್ಲ.

ಇದರ ಹೂವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು. ರೆನನ್‌ಕ್ಯುಲೇಸೀ ಕುಟುಂಬಕ್ಕೆ ಸೇರಿದ ಈ ಜಾತಿಯಲ್ಲಿ ಪುಷ್ಪದಳಗಳೇ ಇಲ್ಲ. ಮೊಗ್ಗನ್ನು ಆವರಿಸಿದ ನಾಲ್ಕೈದು ಪುಷ್ಪಪತ್ರಗಳು ಅನೇಕ ಪ್ರಭೇದಗಳಲ್ಲಿ ಹೂ ಬಿರಿಯುತ್ತಿದ್ದಂತೆಯೇ ಉದುರಿಹೋಗುತ್ತವೆ. ಅನಂತರ ಉಳಿಯುವುದು ಕೇಸರಗಳ ಗುಚ್ಛವೊಂದೇ. ಯೂರೋಪಿನ ಅಕ್ವಿಲೀಜಿಫೋಲಿಯಮ್ಮಿನಲ್ಲಿ ನಾವು ಹೂವೆಂದು ಮೆಚ್ಚುವುದು ಈ ಕೇಸರಗಳನ್ನೇ: ಬುಡದಲ್ಲಿ ನೂಲಿನಂತೆ ಸಣ್ಣಗಿದ್ದು ತುದಿಯತ್ತ ದಪ್ಪನಾಗುತ್ತ ಬರುವ, ತಿಳಿ ನೇರಳೆಯ ಬಣ್ಣ ತುಂಬಿದ ಕೇಸರದಂಡಗಳು ನೆಟ್ಟಗೆ ನಿಂತು ದುಂಬಿಯನ್ನು ಕರೆಯುತ್ತವೆ. ಉತ್ತರ ಅಮೆರಿಕದ ಡಯೋಯಿಕಮ್ಮಿನಲ್ಲಾದರೋ ಗಂಡು ಹೂವು ಹೆಣ್ಣು ಹೂವು ಬೇರೆ ಬೇರೆ ಗಿಡಗಳಲ್ಲಿದ್ದು, ಗಂಡಿನ ಕೇಸರಗಳು ಜೋತಾಡುತ್ತ ಪರಾಗವನ್ನು ಗಾಳಿಗೆ ಒಪ್ಪಿಸುತ್ತವೆ. ಕೀಟದಿಂದ ಪರಾಗಸ್ಪರ್ಶ ಹೊಂದುವುದು, ಗಾಳಿಯಿಂದ ಹೊಂದುವುದು ಎಂಬ ಎರಡು ವಿಧಾನಗಳೂ, ಅವುಗಳ ನಡುವಣ ಮೆಟ್ಟಿಲುಗಳೂ ಒಂದೇ ಜಾತಿಯೊಳಗೆ ದೊರೆಯುವುದು ಅಪರೂಪ. ಕ್ಯಾಪ್ಲನ್ ಮತ್ತು ಮಲ್ಕಾಹಿ 1971ರಲ್ಲಿ ಇದನ್ನು ಕ್ರಮವಾಗಿ ವಿವರಿಸಿದ ಮೇಲೆ ವಿಜ್ಞಾನಿಗಳಿಗೆ ಈ ಜಾತಿಯಲ್ಲಿ ಆಸಕ್ತಿ ಹೆಚ್ಚಿತು. ತೋಟಗಾರರಿಗೆ ಮಾತ್ರ ಆ ಲೇಖನದ ಸುಳಿವೇ ಹತ್ತಲಿಲ್ಲ.

ಆರಂಭದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಹೆಸರಿಸಿದ ಪ್ರಭೇದಗಳಲ್ಲಿ ಅಕ್ವಿಲೀಜಿಫೋಲಿಯಮ್, ಜವುಗು ನೆಲದ ಹಳದಿ ಹೂವಿನ ಫ್ಲಾವಮ್, ಎಲೆಯ ಸೊಗಸಿಗಾಗಿಯೇ ಬೆಳೆಸಬಹುದಾದ ಮೈನಸ್ ಇವು ಇಂಗ್ಲೆಂಡಿನ ತೋಟಗಳಲ್ಲಿ ಬಹುಕಾಲದಿಂದ ನೆಲೆಸಿದ್ದವು. ಫ್ಲಾವಮ್ಮಿನ ಗ್ಲಾಕಮ್ ಎಂಬ ಉಪಪ್ರಭೇದ ಸ್ಪೇನ್, ಪೋರ್ಚುಗಲ್ ಕಡೆಯದು. ಅದರ ನೀಲಿಬೂದಿ ಬಣ್ಣದ ಎಲೆಗೆ ಸಮನಾದುದು ಈ ಜಾತಿಯಲ್ಲೇ ಬೇರೊಂದಿಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ. ವಿಲಿಯಮ್ ರಾಬಿನ್ಸನ್ 1870ರಲ್ಲಿಯೂ 1883ರಲ್ಲಿಯೂ ಹೊರತಂದ ತನ್ನ ಎರಡು ಪ್ರಸಿದ್ಧ ಗ್ರಂಥಗಳ ಮೂಲಕ, ವರ್ಷಕ್ಕೊಮ್ಮೆ ಕಿತ್ತು ನೆಡುವ ಪಟ್ಟೆಪಟ್ಟೆಯ ಹೂಮಡಿಗಳಿಂದ ಆಂಗ್ಲರನ್ನು ಬಿಡಿಸಿ ಬಹುವಾರ್ಷಿಕ ಸಸ್ಯಗಳ ಕಡೆಗೆ ತಿರುಗಿಸಿದಾಗ ಈ ಗಿಡಗಳಿಗೂ ಗೌರವದ ಸ್ಥಾನವೊಂದು ದೊರಕಿತು.

ಆದರೆ ಜಾತಿಯ ನಿಜವಾದ ಸಂಪತ್ತು ಇದ್ದುದು ಪೂರ್ವದಲ್ಲಿ. ಮೈಸೂರು ಸೀಮೆಯ ಪ್ರವಾಸಕಥನದಿಂದ ನಮಗೆ ಪರಿಚಿತನಾದ ಫ್ರಾನ್ಸಿಸ್ ಬುಕಾನನ್ನನೇ 1802-03ರಲ್ಲಿ ನೇಪಾಳದ ಸಸ್ಯಗಳನ್ನು ಸಂಗ್ರಹಿಸಿದವನು. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಾಲಿಕ್ 1820-21ರಲ್ಲಿ ಆ ಕಾರ್ಯವನ್ನು ವಿಸ್ತರಿಸಿದನು. ಹಿಮಾಲಯದ ಥ್ಯಾಲಿಕ್ಟ್ರಮ್‌ಗಳು ಯೂರೋಪಿನ ವಿದ್ವಾಂಸರ ಕೈಸೇರಿದುದು ಆ ಕಾಲದ ಇಂಥ ಸಂಗ್ರಹಗಳಿಂದ. ಮುಂದೆ ಲೆಕೊಯೆ 1885ರಲ್ಲಿ ಇಡೀ ಜಾತಿಯ ಮೇಲೆ ಬೃಹತ್ ಪ್ರಬಂಧವನ್ನು ಪ್ರಕಟಿಸಿದನು. ಮರುವರ್ಷವೇ, ಯುನ್ನಾನಿನಲ್ಲಿದ್ದ ಫ್ರೆಂಚ್ ಪಾದ್ರಿ ಡೆಲವೇ ಕಳುಹಿಸಿದ ಮಾದರಿಗಳಿಂದ ಫ್ರಾಂಷೆ ಪ್ಯಾರಿಸಿನಲ್ಲಿ ಡೆಲವಾಯಿ ಎಂಬ ಪ್ರಭೇದವನ್ನು ವರ್ಣಿಸಿದನು. ಉದ್ಯಾನಗಳಲ್ಲಿ ಇಂದಿಗೂ ಅಗ್ರಸ್ಥಾನದಲ್ಲಿರುವ ಗಿಡವು ಜಾತಿಯ ಪ್ರಥಮ ಮಹಾಗ್ರಂಥದಿಂದ ಹೀಗೆ ಒಂದೇ ವರ್ಷದ ಅಂತರದಲ್ಲಿ ಹೊರಗುಳಿಯಿತು.

ಡೆಲವಾಯಿ ತಂದ ಬದಲಾವಣೆ ಸಾಮಾನ್ಯವಾದುದಲ್ಲ. ಇದರಲ್ಲಿ ಪುಷ್ಪಪತ್ರಗಳು ಬೇಗ ಉದುರುವುದಿಲ್ಲ. ಅಗಲವಾಗಿ, ನೇರಳೆಯ ಬಣ್ಣದಲ್ಲಿ ಬಹುದಿನ ನಿಲ್ಲುತ್ತವೆ. ಅವುಗಳ ನಡುವಿನಿಂದ ತಿಳಿಹಳದಿಯ ಕೇಸರಗಳು ಕಿವಿಯ ಜುಮುಕಿಯಂತೆ ಇಳಿಬೀಳುತ್ತವೆ. ನಾಲ್ಕರಿಂದ ಆರು ಅಡಿ ಎತ್ತರದ, ತಂತಿಯಷ್ಟು ಸಣ್ಣ ಟಿಸಿಲುಗಳ ಮೇಲೆ ನೂರಾರು ಹೂಗಳು ಒಂದನ್ನೊಂದು ತಾಗದೆ ತೂಗುವ ಆ ರಚನೆಯನ್ನು ಯಾವ ತಳಿಕಾರನೂ ಉತ್ತಮಪಡಿಸಬೇಕಾಗಿರಲಿಲ್ಲ. ಆದರೂ 1930ರ ದಶಕದಲ್ಲಿ ಇಂಗ್ಲೆಂಡಿನ ಹ್ಯೂಯಿಟ್ ನರ್ಸರಿಯಿಂದ ಬಂದ ‘ಹ್ಯೂಯಿಟ್ಸ್ ಡಬಲ್’ ಎಂಬ ತಳಿ ಕೇಸರಗಳೆಲ್ಲ ಪುಟ್ಟ ದಳಗಳಾಗಿ ಮಾರ್ಪಟ್ಟ ಸುತ್ತುಹೂವಿನಿಂದ ಜನರ ಮನಸ್ಸನ್ನು ಸೆಳೆದು, ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪ್ರಶಸ್ತಿಯನ್ನೂ ಪಡೆಯಿತು. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಸರವೇ ಪ್ರಾಣವಾದ ಜಾತಿಯಲ್ಲಿ ಕೇಸರವಿಲ್ಲದ ಹೂವೊಂದು ಆದರ್ಶವೆನಿಸಿದುದು ಅನಂತರದ ಅಭಿರುಚಿಯನ್ನು ದಾರಿತಪ್ಪಿಸಿತೆಂದೇ ನನ್ನ ಭಾವನೆ. ಅದು ಬೀಜ ಕಟ್ಟುವುದಿಲ್ಲ. ಬುಡವನ್ನು ಎಚ್ಚರದಿಂದ ಪಾಲುಮಾಡಿ ವೃದ್ಧಿಪಡಿಸಬೇಕು. ವಸಂತದಲ್ಲಿ ತಡವಾಗಿ ಚಿಗುರುವುದರಿಂದ, ಗಿಡ ಸತ್ತಿತೆಂದು ಭಾವಿಸಿ ಅದರ ಮೇಲೆಯೇ ಸನಿಕೆಯನ್ನು ಊರುವವರೂ ಉಂಟು.

ಇದೇ ಕಾಲದಲ್ಲಿ ಹೆಸರಿನ ಗೊಂದಲವೊಂದು ಬೇರೂರಿತು. ಫ್ರಾಂಷೆಯೇ ವರ್ಣಿಸಿದ ಡಿಪ್ಟೆರೊಕಾರ್ಪಮ್ ಎಂಬ ಇನ್ನೊಂದು ಪ್ರಭೇದದ ಹೆಸರಿನಲ್ಲಿ ನರ್ಸರಿಗಳು ದಶಕಗಳ ಕಾಲ ಮಾರಿದುದು ಬಹುತೇಕ ಡೆಲವಾಯಿಯನ್ನೇ. ಬರ್ನಾರ್ ಬ್ವಾವಿನ್ 1944ರಲ್ಲಿ ಅಮೆರಿಕದ ಪ್ರಭೇದಗಳನ್ನೂ ಹಳೆಯ ಜಗತ್ತಿನಲ್ಲಿರುವ ಅವುಗಳ ಬಂಧುಗಳನ್ನೂ ಕುರಿತು ಶ್ರಮದಿಂದ ಬರೆದ ಪ್ರಬಂಧದಂಥ ಕೃತಿಗಳು ಸಸ್ಯಸಂಗ್ರಹಾಲಯಗಳಲ್ಲಿಯೇ ಉಳಿದು, ಉದ್ಯಾನದ ಹೆಸರುಚೀಟಿಗಳು ತಮ್ಮ ಪಾಡಿಗೆ ತಾವಿದ್ದವು.

ನಮ್ಮ ತಲೆಮಾರಿನವರು ಈ ಕ್ಷೇತ್ರಕ್ಕೆ ಬಂದುದು ಬೀಜದ ಪೊಟ್ಟಣಗಳ ಮೂಲಕ. ಆಲ್ಪೈನ್ ಗಾರ್ಡನ್ ಸೊಸೈಟಿ, ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್ ಮೊದಲಾದ ಸಂಘಗಳು ವರ್ಷವರ್ಷವೂ ಸದಸ್ಯರಿಗೆ ಹಂಚುತ್ತಿದ್ದ ಬೀಜಗಳಲ್ಲಿ ಕಾಡಿನಿಂದ ನೇರವಾಗಿ ಸಂಗ್ರಹಿಸಿದವುಗಳಿಗೆ ಸಂಗ್ರಹಕಾರನ ಸಂಖ್ಯೆಯಿರುತ್ತಿದ್ದಿತು. ಆ ಸಂಖ್ಯೆಯಿಂದ ಗಿಡ ಯಾವ ಕಣಿವೆಯದು, ಎಷ್ಟು ಎತ್ತರದ್ದು ಎಂಬುದು ತಿಳಿಯುತ್ತಿದ್ದಿತು. ತಿಳಿದ ಮೇಲೆ ಅದಕ್ಕೆ ಎಂಥ ಮಣ್ಣು, ಎಷ್ಟು ನೆರಳು, ಚಳಿಗಾಲದಲ್ಲಿ ಎಷ್ಟು ತೇವ ಬೇಕೆಂಬುದನ್ನು ಊಹಿಸಬಹುದಾಗಿದ್ದಿತು. ಈ ಪಂಥದವರಿಗೆ ತಳಿಗಿಂತ ಪ್ರಭೇದ ಮುಖ್ಯವಾಗಿತ್ತು, ಬಣ್ಣಕ್ಕಿಂತ ಜನ್ಮಸ್ಥಾನ ಮುಖ್ಯವಾಗಿತ್ತು. ಟಿಬೆಟ್ಟಿನ ಆಗ್ನೇಯ ಭಾಗದ ಡಿಫ್ಯೂಸಿಫ್ಲೋರಮ್ ನಮ್ಮ ತಾಳ್ಮೆಯನ್ನು ಪರೀಕ್ಷಿಸಿದ ಗಿಡ: ಅತಿಸೂಕ್ಷ್ಮವಾದ ಎಲೆ, ಈ ಜಾತಿಗೆ ಅಸಾಧಾರಣವೆನಿಸುವಷ್ಟು ದೊಡ್ಡ ನೇರಳೆ ಹೂವು. ಬಿಸಿಲೇರಿದ ದಕ್ಷಿಣ ಇಂಗ್ಲೆಂಡಿನಲ್ಲಿ ಸೊರಗುವ ಇದು ಸ್ಕಾಟ್ಲೆಂಡಿನ ತಂಪಿನಲ್ಲಿ, ಎಲೆಗೊಬ್ಬರ ತುಂಬಿದ ತೇವದ ಮಣ್ಣಿನಲ್ಲಿ ನೆಮ್ಮದಿಯಿಂದಿರುತ್ತದೆ. ಕ್ಯೂಷುವಿನ ಕಿಯುಸಿಯಾನಮ್ ಇದಕ್ಕೆ ತದ್ವಿರುದ್ಧ. ನಾಲ್ಕೈದು ಅಂಗುಲಕ್ಕಿಂತ ಹೆಚ್ಚು ಏಳದೆ ನೆಲದಲ್ಲಿ ಹರಡಿ, ಕಲ್ಲುತೋಟದ ನೆರಳಿನ ಮೂಲೆಯಲ್ಲಿ ಬೇಸಿಗೆಯುದ್ದಕ್ಕೂ ಹೂ ಬಿಡುತ್ತದೆ.

ಹಿಂದೆ ಅನಿಮೊನೆಲ್ಲ ಎಂದು ಕರೆಯುತ್ತಿದ್ದ ಅಮೆರಿಕದ ಥ್ಯಾಲಿಕ್ಟ್ರಾಯ್ಡಿಸ್ ಈಗ ಈ ಜಾತಿಗೇ ಸೇರಿದೆ. ಸಸ್ಯವಿಜ್ಞಾನಿ ವೆರೋನಿಕಾ ಡಿ ಸ್ಟೀಲಿಯೊ ಅವರು ಹೂವಿನ ಅಂಗಗಳನ್ನು ರೂಪಿಸುವ ಜೀನುಗಳ ಅಧ್ಯಯನಕ್ಕೆ ಆರಿಸಿಕೊಂಡುದು ಈ ಪುಟ್ಟ ಗಿಡವನ್ನೇ. ಕೇಸರ ದಳವಾಗುವುದು ಹೇಗೆಂಬ ಪ್ರಶ್ನೆಗೆ ಸುತ್ತುಹೂವಿನ ತಳಿಗಳು ಪ್ರಯೋಗಶಾಲೆಯಲ್ಲಿ ಉತ್ತರ ಕೊಡುತ್ತಿರುವುದು, ಅವುಗಳು ಉದ್ಯಾನದಲ್ಲಿ ಮಾಡಿದ ಉಪಕಾರಕ್ಕಿಂತ ದೊಡ್ಡದೆಂದು ನಾನು ಎಣಿಸುತ್ತೇನೆ. 1987ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಆರಂಭವಾದ ಡ್ಯಾನ್ ಹಿಂಕ್ಲಿಯವರ ಹೆರಾನ್ಸ್‌ವುಡ್, ವೇಲ್ಸಿನಲ್ಲಿ ಬ್ಲೆಡಿನ್ ಮತ್ತು ಸೂ ವಿನ್-ಜೋನ್ಸ್ ದಂಪತಿಗಳ ಕ್ರೀಗ್ ಫಾರ್ಮ್ ಈ ಎರಡು ನರ್ಸರಿಗಳೂ ಏಷ್ಯದ ಬೆಟ್ಟಗಳಿಂದ ಬೀಜ ತಂದು, ಹೆಸರು ಕೂಡ ಕೇಳರಿಯದ ಪ್ರಭೇದಗಳನ್ನು ಸಾಮಾನ್ಯ ಗ್ರಾಹಕನ ಕೈಗೆಟುಕುವಂತೆ ಮಾಡಿದುದು ಬೀಜಸಂಗ್ರಹದ ಆ ಪಂಥದ ಅತ್ಯುನ್ನತ ಸಾಧನೆ.

ಅದೇ ಹೊತ್ತಿಗೆ ಹಾಲೆಂಡಿನಿಂದ ಇನ್ನೊಂದು ಅಲೆ ಎದ್ದಿತು. ಉದ್ಯಾನ ವಿನ್ಯಾಸಕ ಪೀಟ್ ಔಡೋಲ್ಫ್ ಅವರು ಹೆಂಕ್ ಗೆರಿಟ್ಸೆನ್ ಅವರೊಡನೆ 1990ರಲ್ಲಿ ಪ್ರಕಟಿಸಿದ ಪುಸ್ತಕವೂ, ಅವರ ವಿಸ್ತಾರವಾದ ಉದ್ಯಾನಗಳೂ ಹುಲ್ಲುಗಳಿಗೂ ಎತ್ತರದ ಬಹುವಾರ್ಷಿಕಗಳಿಗೂ ಹೊಸ ಪ್ರತಿಷ್ಠೆಯನ್ನು ತಂದವು. ಔಡೋಲ್ಫ್ ಅವರು ಗಿಡದ ಕಾಂಡ, ಬೀಜಗೊಂಚಲು, ಒಣಗಿದ ರೂಪ ಎಲ್ಲವನ್ನೂ ಬಲ್ಲವರು. ಅನುಸರಿಸಿದವರು ಅವರಿಂದ ಕಲಿತುದು ಎತ್ತರವನ್ನೂ ತೆಳುತನವನ್ನೂ ಮಾತ್ರ. ಗ್ಲಾಕಮ್ಮನ್ನೂ ರೋಷ್‌ಬ್ರೂನಿಯಾನಮ್ಮನ್ನೂ ಕೂಡಿಸಿ ಸ್ವೀಡನ್ನಿನಲ್ಲಿ ಬೆಳೆಸಿದ ‘ಎಲಿನ್’ ಎಂಟು ಅಡಿಗೆ ಏರುತ್ತದೆ. ವಸಂತದಲ್ಲಿ ಅದರ ಮೊಳಕೆ ನೀಲಿಬೂದಿಯೂ ಕೆನ್ನೇರಳೆಯೂ ಬೆರೆತ ಅಪೂರ್ವ ಬಣ್ಣದಲ್ಲಿ ಮೇಲೇಳುತ್ತದೆ, ಮಾರಾಟದ ಚಿತ್ರಗಳಲ್ಲಿ ಅದು ಕಾಣುವುದೇ ಇಲ್ಲ. ಫ್ರಾನ್ಸಿನ ‘ಸ್ಪ್ಲಂಡಿಡ್’, ಕಪ್ಪು ಕಾಂಡದ ‘ಬ್ಲ್ಯಾಕ್ ಸ್ಟಾಕಿಂಗ್ಸ್’ ಮೊದಲಾದವು ಬೇಡಿಕೆಯನ್ನು ಹೆಚ್ಚಿಸಿವೆ. ಇವು ಕೆಟ್ಟ ಗಿಡಗಳಲ್ಲ. ಆದರೆ ಅಕ್ವಿಲೀಜಿಫೋಲಿಯಮ್ಮಿನ ಹೂ ಮುಗಿದ ಮೇಲೆ ಕೂದಲೆಳೆಯಂಥ ತೊಟ್ಟುಗಳಿಂದ ಜೋಲುವ, ಮೂರು ರೆಕ್ಕೆಗಳ ಹಸಿರು ಕಾಯಿಗಳನ್ನು ನೋಡಲು ಬಾಗುವವರು ಕಡಿಮೆಯಾಗಿರುವುದನ್ನು, ಹೂ ಬಾಡುತ್ತಲೇ ಕಾಂಡವನ್ನು ಕತ್ತರಿಸಿ ಎಸೆಯುವುದು ವಾಡಿಕೆಯಾಗಿರುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ.

ಈ ಸಮೀಕ್ಷೆಯಲ್ಲಿ ಯಾವ ಪ್ರಭೇದಗಳಿಗೆ ಸ್ಥಳವೇ ದೊರೆಯಲಿಲ್ಲವೋ ಅವುಗಳ ಕಡೆಗೆ ಈಗ ತಿರುಗಬೇಕಾಗಿದೆ. ನೇಪಾಳ, ಸಿಕ್ಕಿಮ್, ಭೂತಾನಗಳ ಕೆಲಿಡೋನಿಯೈ ಹೂವಿನ ಗಾತ್ರದಲ್ಲಿಯೂ ವರ್ಣದಲ್ಲಿಯೂ ಡೆಲವಾಯಿಗೆ ಸಮನಾಗಿ ನಿಲ್ಲಬಲ್ಲುದಾದರೂ ತಜ್ಞರ ತೋಟಗಳನ್ನು ದಾಟಿ ಹೊರಬಂದಿಲ್ಲ. ಫೋಲಿಯೊಲೋಸಮ್ಮಿನ ಹಳದಿ ಬೇರನ್ನು ಹಿಮಾಲಯದ ಜನ ಮಮೀರಾ, ಪೀಲೀ ಜಡಿ ಎಂದು ಕರೆದು ಕಣ್ಣಿನ ಔಷಧಕ್ಕೆ ಬಳಸುತ್ತಾರೆ. ಬರ್ಬರೀನ್ ತುಂಬಿದ ಆ ಬೇರಿಗಾಗಿ ಗಿಡವನ್ನೇ ಅಗೆಯಬೇಕಾಗುವುದರಿಂದ, ಅದನ್ನು ಬೇಸಾಯಕ್ಕೆ ತರುವ ಅಗತ್ಯ ಅಲಂಕಾರದ ಪ್ರಶ್ನೆಗಿಂತ ಹೆಚ್ಚಿನದು. ಜಾವಾನಿಕಮ್ ಹಿಮಾಲಯದಿಂದ ನೀಲಗಿರಿ, ಪಳನಿ, ಸಿಂಹಳಗಳನ್ನು ದಾಟಿ ಜಾವಾವರೆಗೆ ಹಬ್ಬಿದೆ. ಫೈಸನ್ 1915ರಲ್ಲಿ ಪ್ರಕಟಿಸಿದ ನೀಲಗಿರಿ ಮತ್ತು ಪಳನಿ ಶಿಖರಗಳ ಸಸ್ಯಗ್ರಂಥವನ್ನು ಬಲ್ಲವರಿಗೆ ಅದು ಹೊಸತಲ್ಲ. ಇನ್ನು ಮುಂಬಯಿ ಪ್ರಾಂತದ ಸಸ್ಯಗಳ ಕುರಿತು 1861ರಲ್ಲಿ ಗಿಬ್ಸನ್ನನೊಡನೆ ಗ್ರಂಥ ಬರೆದ ಡಾಲ್ಜೆಲ್ಲನ ಹೆಸರನ್ನು ಹೊತ್ತ ಡಾಲ್ಜೆಲ್ಲಿಯೈ ನಮ್ಮ ಸಹ್ಯಾದ್ರಿಯ ಎತ್ತರಗಳ ಗಿಡ. ಮಳೆ ಹಿಡಿದ ಮೇಲೆ ಚಿಗುರಿ ಹೂ ಬಿಟ್ಟು, ಒಣ ತಿಂಗಳುಗಳನ್ನು ನೆಲದೊಳಗಣ ಬೇರಿನಲ್ಲಿ ಕಳೆಯುತ್ತದೆ. ಇದನ್ನು ಯಾವ ನರ್ಸರಿಯ ಪಟ್ಟಿಯಲ್ಲಿಯೂ ನಾನು ಕಂಡಿಲ್ಲ.

ಯೂರೋಪಿನ ಮತ್ತು ಚೀನದ ಪ್ರಭೇದಗಳಿಗೆ ಚಳಿಗಾಲದ ದೀರ್ಘವಾದ ಶೀತನಿದ್ರೆ ಬೇಕು. ಬೆಂಗಳೂರಿನಲ್ಲಿ ಅವು ಬಾಳಲಾರವು, ಅವುಗಳ ಬೀಜಕ್ಕೆ ಹಣ ಹಾಕುವವರಿಗೆ ನಿರಾಶೆಯೇ ಗತಿ. ದಕ್ಷಿಣದ ಬೆಟ್ಟಗಳಲ್ಲಿ ಮಳೆಗೂ ಬರಕ್ಕೂ ಹೊಂದಿಕೊಂಡ ಜಾವಾನಿಕಮ್, ಡಾಲ್ಜೆಲ್ಲಿಯೈಗಳಿಗೆ ಈ ಅಡ್ಡಿಯಿಲ್ಲ. ಆದುದರಿಂದ ಕೊಡಗು, ಚಿಕ್ಕಮಗಳೂರು, ನೀಲಗಿರಿಗಳ ಬೆಟ್ಟದ ತೋಟಗಳಲ್ಲಿ ಗಿಡ ಬೆಳೆಸುವ ಕನ್ನಡಿಗರಲ್ಲಿಯೂ, ಅಲ್ಲಿಯ ಸಸ್ಯಶಾಸ್ತ್ರ ವಿಭಾಗಗಳಲ್ಲಿಯೂ ನನ್ನ ಬಿನ್ನಹವಿಷ್ಟೆ: ಅರಣ್ಯ ಇಲಾಖೆಯ ಅಪ್ಪಣೆ ಪಡೆದು ಒಂದು ಹಿಡಿ ಬೀಜವನ್ನು ಮಾತ್ರ ತನ್ನಿ, ಗಿಡವನ್ನು ಕೀಳಬೇಡಿ, ತಂದ ಬೀಜವನ್ನು ಇಟ್ಟು ಹಳತುಮಾಡದೆ ಕೂಡಲೆ ಎಲೆಗೊಬ್ಬರ ಬೆರೆತ ಮಣ್ಣಿನಲ್ಲಿ ಬಿತ್ತಿರಿ, ಯಾವ ಬೆಟ್ಟದ್ದು, ಯಾವ ಎತ್ತರದ್ದು ಎಂಬುದನ್ನು ಚೀಟಿಯಲ್ಲಿ ಬರೆದಿಡಿರಿ.